ಮುಳ್ಳು ಎಚ್‌ಗೆ ಹೋದರೂ ಬಿಸಿಯಾಗದ ಜಿಪ್ಸಿ: ಚಿಕ್ಕಮಗಳೂರಿನ ಒಂದು ಬೋರ್ಡಿಲ್ಲದ ಅಂಗಡಿ

ಈ ಅಂಗಡಿಗೆ ಬೋರ್ಡ್ ಇಲ್ಲ. ಮೂಡಿಗೆರೆ ಕಡೆಯಿಂದ ಚಿಕ್ಕಮಗಳೂರಿನೊಳಗೆ ಬರುವಾಗ ಸಿಗುವ ಒಂದು ಅಡ್ಡರಸ್ತೆಯಲ್ಲಿ, ಟೀ ಅಂಗಡಿಗೆ ಅಂಟಿಕೊಂಡಿರುವ ಶೀಟಿನ ಶೆಡ್ಡು. ಬಾಗಿಲ ಪಕ್ಕ ಸತ್ತ ಬ್ಯಾಟರಿಗಳ ಸಾಲು, ಒಳಗೆ ಗೋಡೆ ತುಂಬ ವೈರಿನ ಸುರುಳಿ. ಗಾಡಿ ಎಲೆಕ್ಟ್ರಿಕಲ್ ಕೆಲಸ ಮಾತ್ರ ಮಾಡುತ್ತಾರೆ. ನಿಮ್ಮ ಬಗ್ಗೆ ಬರೆಯುತ್ತೇನೆ, ಹೆಸರು ಹಾಕಲೇ ಅಂತ ಕೇಳಿದೆ. "ಬೇಡ ಅಕ್ಕ, ಇರೋ ಕೆಲಸಾನೇ ಮುಗಿಸೋಕೆ ಆಗ್ತಿಲ್ಲ" ಅಂದರು. ಹಾಗಾಗಿ ಇಲ್ಲಿ ಅವರು ಬರೀ ಭಾಯ್.

ನನ್ನದು 1998ರ ಮಾರುತಿ ಜಿಪ್ಸಿ ಕಿಂಗ್. 1298 ಸಿಸಿ, ಕಾರ್ಬುರೇಟರ್ ಎಂಜಿನ್. ಪೆಟ್ರೋಲ್ ಇಂಜೆಕ್ಷನ್ ಬರುವುದಕ್ಕಿಂತ ಮುಂಚಿನದು. ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದು. ಅವರು ಹೋದ ಮೇಲೆ ಆಲ್ದೂರಿನ ಹತ್ತಿರದ ನಮ್ಮ ಏಳು ಎಕರೆ ಕಾಫಿ ತೋಟವೂ ಈ ಗಾಡಿಯೂ ಒಟ್ಟಿಗೇ ನನ್ನ ಕೈಗೆ ಬಂದವು. ತೋಟದ ಬಗ್ಗೆ ಒಂದಿಷ್ಟು ಗೊತ್ತಿತ್ತು. ಗಾಡಿ ಬಗ್ಗೆ ಏನೂ ಗೊತ್ತಿರಲಿಲ್ಲ. ಪೆಟ್ರೋಲ್ ಹಾಕಿಸುವುದು, ಟೈರಿಗೆ ಗಾಳಿ ನೋಡುವುದು, ಅಷ್ಟೇ.

ಶುರುವಾಗಿದ್ದು ನವೆಂಬರಿನಲ್ಲಿ. ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರುತ್ತಿದ್ದೆವು. ಚಾರ್ಮಾಡಿ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ, ಎಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ನಡುವಿನಿಂದ ಎದ್ದು ಎಚ್ (ಹಾಟ್, ಅಂದರೆ ಬಿಸಿ) ಕಡೆ ಹೊರಟಿತು. ಪಕ್ಕದಲ್ಲಿ ಕೂತಿದ್ದ ಅಮ್ಮನಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. ತಿರುವಿನಲ್ಲಿ ಜಾಗ ಸಿಕ್ಕಲ್ಲಿ ನಿಲ್ಲಿಸಿದೆ. ಹೊಗೆ ಇಲ್ಲ, ಆವಿ ಇಲ್ಲ, ಎಂಜಿನ್ ತಂಪಿಡುವ ಕೂಲೆಂಟಿನ ಸಿಹಿ ಸಿಹಿ ವಾಸನೆಯೂ ಇಲ್ಲ. ಗಾಡಿ ನ್ಯೂಟ್ರಲ್‌ನಲ್ಲಿ ಸುಮ್ನೆ ಓಡುತ್ತಿದ್ದಾಗ ಮುಳ್ಳು ತಾನಾಗಿ ಕೆಳಗಿಳಿಯಿತು. ಮತ್ತೆ ಹೊರಟರೆ ಮತ್ತೆ ಏರಿತು. ಹೀಗೇ ನಾಲ್ಕು ಸಲ ನಿಲ್ಲಿಸಿ ಕೊಟ್ಟಿಗೆಹಾರ ಸೇರಿದೆವು. ನೀರ್ ದೋಸೆ ತಿನ್ನುತ್ತಾ ಅಮ್ಮ, "ಇದನ್ನ ಮಾರಿಬಿಡೇ" ಅಂದಳು. ಆ ಮಾತು ಹೊಸದಲ್ಲ.

ಮಾರನೇ ದಿನ ಒಂದು ದೊಡ್ಡ ಗ್ಯಾರೇಜಿಗೆ ಒಯ್ದೆ. ಹೆಸರು ಬೇಡ. ಅಲ್ಲಿನವರು ಬಾನೆಟ್ ಎತ್ತುವ ಮೊದಲೇ "ಮನೆಯಲ್ಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿ ಮೇಡಂ, ಅವ್ರಿಗೆ ಅರ್ಥ ಆಗುತ್ತೆ" ಅಂದರು. ಅಲ್ಲಿಂದಲೇ ವಾಪಸ್ ಬರಬೇಕಿತ್ತು. ಆದರೆ ಕಾಫಿ ಕೊಯ್ಲು ಶುರುವಾಗಿತ್ತು, ಆಳುಗಳನ್ನು ಕರೆತರಲು ಗಾಡಿ ಬೇಕಿತ್ತು. ಬಿಟ್ಟು ಬಂದೆ.

ಆರು ದಿನ ಇಟ್ಟುಕೊಂಡರು. ರೇಡಿಯೇಟರ್ ಬಿಚ್ಚಿ ಒಳಗೆ ಸಲಾಕೆ ಹಾಕಿ ಕ್ಲೀನ್ ಮಾಡಿದ್ದಕ್ಕೆ 2,800. ವಾಟರ್ ಪಂಪ್ 3,200. ಹೊಸ ಟೆಂಪರೇಚರ್ ಸೆನ್ಸರ್ 450. "ತರ್ಮೋಸ್ಟಾಟ್ ಕೆಲಸ" ಅಂತ 900. ಕೂಲಿ 2,500. ಒಟ್ಟು 9,850. ಗಾಡಿ ತಂದ ದಿನವೇ ನಮ್ಮ ತೋಟದ ಏರಿನಲ್ಲಿ ಮುಳ್ಳು ಎಚ್ ಮುಟ್ಟಿತು. ಮೊದಲಿಗಿಂತ ಜಾಸ್ತಿ. ಫೋನ್ ಮಾಡಿದರೆ, ಹಾಗಾದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಕೆಳಗಿರುವ ಸೀಲು) ಹೋಗಿದೆ, ಹೆಡ್ ಇಳಿಸಬೇಕು, ಹದಿನೆಂಟು ಸಾವಿರ ಆಗುತ್ತೆ ಅಂದರು.

ಅಲ್ಲಿ ನಾನು ಮಾಡಿದ ಒಂದೇ ಒಳ್ಳೆ ಕೆಲಸ, ಬಿಚ್ಚಿದ ಹಳೇ ಸಾಮಾನನ್ನೆಲ್ಲ ಕೇಳಿ ತಂದದ್ದು. ಅದು ಅಪ್ಪನ ಅಭ್ಯಾಸ. ಹೊಸದು ಹಾಕಿದ್ದಾರೋ ಇಲ್ಲವೋ ಅಂತ ತಿಳಿಯಲು ಹಳೇದು ಕೈಯಲ್ಲಿರಬೇಕು ಅನ್ನುತ್ತಿದ್ದರು. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಹಿಂದಿನ ಸೀಟಿನ ಕೆಳಗೆ ಹಾಕಿ ಮರೆತಿದ್ದೆ.

ಭಾಯ್ ಹತ್ತಿರ ಹೋಗು ಅಂದದ್ದು ಪಕ್ಕದ ತೋಟದವರು. ಜನವರಿ ಎರಡನೇ ವಾರ, ಬೆಳಿಗ್ಗೆ ಹತ್ತಕ್ಕೆ ಹೋದೆ. ಗಾಡಿ ಬಿಸಿಯಾಗಿತ್ತು. ಅವರು ಬಾನೆಟ್ ಮುಟ್ಟಲೂ ಇಲ್ಲ. "ತಣ್ಣಗಾಗಲಿ" ಅಂತ ಹೇಳಿ ಒಂದು ಆಟೋದ ಕೆಳಗೆ ನುಸುಳಿದರು. ನನಗೆ ಸಿಟ್ಟು ಬಂತು. ಎರಡು ಗಂಟೆ ಕಾದೆ. ಕೂರಲು ಕುರ್ಚಿ ಇಲ್ಲ, ಒಂದು ಹಳೇ ಟೈರಿದೆ ಅಷ್ಟೇ. ಟೀ ಅಂಗಡಿಯ ಅಣ್ಣ ಪಾಪ ಸ್ಟೂಲ್ ಕೊಟ್ಟ.

ಆಟೋ ಕೆಲಸ ಮುಗಿಸಿ ಬಂದವರು ಮೊದಲು ಕೇಳಿದ್ದು ಇದು: "ಅಕ್ಕ, ಬೆಳಿಗ್ಗೆ ಕೀ ತಿರುಗಿಸ್ತೀರಲ್ಲ, ಸ್ಟಾರ್ಟ್ ಮಾಡೋಕೆ ಮುಂಚೆ ಮುಳ್ಳು ಎಲ್ಲಿರುತ್ತೆ?"

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಓಡಿಸಿದ್ದೇನೆ, ಒಮ್ಮೆಯೂ ನೋಡಿಲ್ಲ.

ಎರಡನೇ ಪ್ರಶ್ನೆ. "ಎಚ್‌ಗೆ ಹೋಗುತ್ತೆ ಅಂದ್ರಲ್ಲ, ಎಷ್ಟು ಹೊತ್ತಲ್ಲಿ?" ಹತ್ತು ಎಣಿಸುವಷ್ಟರಲ್ಲಿ ಅಂದೆ. ಅವರು ನಕ್ಕರು. ಎಂಜಿನ್, ರೇಡಿಯೇಟರ್, ಪೈಪು ಎಲ್ಲ ಸೇರಿ ಲೀಟರುಗಟ್ಟಲೆ ನೀರಿದೆ. ಅಷ್ಟು ನೀರು ಹತ್ತು ಸೆಕೆಂಡಿನಲ್ಲಿ ಇಪ್ಪತ್ತು, ಮೂವತ್ತು ಡಿಗ್ರಿ ಏರುವುದಿಲ್ಲ. ಇಳಿಯುವುದಂತೂ ಇನ್ನೂ ನಿಧಾನ. ಮುಳ್ಳು ಅಷ್ಟು ಬೇಗ ಓಡಾಡುತ್ತಿದೆ ಅಂದರೆ ಅದು ನೀರಿನ ಲೆಕ್ಕ ಹೇಳುತ್ತಿಲ್ಲ, ವೈರಿನ ಲೆಕ್ಕ ಹೇಳುತ್ತಿದೆ. ಈ ಎರಡು ಪ್ರಶ್ನೆಗೆ ಒಂದು ರೂಪಾಯಿ ಖರ್ಚಿಲ್ಲ. ಆದರೂ ಆರು ದಿನದಲ್ಲಿ ಆ ಗ್ಯಾರೇಜಿನಲ್ಲಿ ಯಾರೂ ಕೇಳಲಿಲ್ಲ.

ಹಳೇ ಗಾಡಿಗಳಲ್ಲಿ ಈ ವ್ಯವಸ್ಥೆ ತುಂಬ ಸರಳವಂತೆ. ಎಂಜಿನ್ನಿನ ಇಂಟೇಕ್ ಮ್ಯಾನಿಫೋಲ್ಡಿಗೆ (ಪೆಟ್ರೋಲ್, ಗಾಳಿ ಒಳಹೋಗುವ ಕೊಳವೆ) ಹೆಬ್ಬೆರಳು ಗಾತ್ರದ ಒಂದು ಸೆನ್ಸರ್ ತಿರುಪಿರುತ್ತಾರೆ. ಅದರ ತುದಿ ನೀರಿನಲ್ಲಿ ಮುಳುಗಿರುತ್ತದೆ. ತಲೆಗೆ ಒಂದೇ ಒಂದು ವೈರು. ಇನ್ನೊಂದು ಕಡೆ ಅದರ ಮೈಯೇ ಎಂಜಿನ್ನಿಗೆ ಅರ್ತ್, ಅಂದರೆ ಕರೆಂಟು ವಾಪಸ್ ಹೋಗುವ ದಾರಿ. ನೀರು ತಣ್ಣಗಿದ್ದಾಗ ಕರೆಂಟಿಗೆ ತಡೆ ಜಾಸ್ತಿ, ಬಿಸಿಯಾದಂತೆ ತಡೆ ಕಡಿಮೆ. ತಡೆ ಕಡಿಮೆಯಾದಷ್ಟೂ ಮುಳ್ಳು ಮೇಲೇರುತ್ತದೆ. ಅಂದರೆ ಆ ವೈರು ದಾರಿಯಲ್ಲಿ ಎಲ್ಲಾದರೂ ಗಾಡಿಯ ಲೋಹದ ಮೈಗೆ ತಗುಲಿದರೆ ಸಾಕು, ಮೀಟರ್ ಪಾಲಿಗೆ ಎಂಜಿನ್ ಕುದಿಯುತ್ತಿದೆ!

ಅವರು ಸೆನ್ಸರಿನ ವೈರು ಕಿತ್ತು ಗಾಳಿಯಲ್ಲಿ ಬಿಟ್ಟರು. ಕೀ ಆನ್ ಮಾಡಿಸಿದರು. ಮುಳ್ಳು ಸಿ (ಕೋಲ್ಡ್, ಅಂದರೆ ತಣ್ಣಗೆ) ಮೇಲೆ ಮಲಗಿತು. ಆಮೇಲೆ ವೈರಿನ ತುದಿಗೆ ಒಂದು ಚಿಕ್ಕ ಪಾರ್ಕಿಂಗ್ ಬಲ್ಬ್ ಸೇರಿಸಿ ಎಂಜಿನ್ನಿಗೆ ಮುಟ್ಟಿಸಿದರು. ಮುಳ್ಳು ನಿಧಾನಕ್ಕೆ ಎದ್ದು ಎಚ್ ಕಡೆ ನಡೆಯಿತು. ಬಲ್ಬ್ ಯಾಕೆ, ನೇರ ಮುಟ್ಟಿಸಬಹುದಲ್ಲ ಅಂದೆ. "ಮೀಟರ್ ಸುಟ್ರೆ ನೀವು ಕೊಡಿಸ್ತೀರಾ?" ಅಂದರು. ಸರಿ, ಅಲ್ಲಿಗೆ ಮೀಟರ್ ಚೆನ್ನಾಗಿದೆ ಅಂತಾಯಿತು.

ಇಷ್ಟನ್ನು ಬೇರೆಯವರೂ ಮಾಡಿಯಾರು. ಮುಂದಿನದು ನನಗೆ ಇಷ್ಟವಾಯಿತು. ವೈರಿನ ತುದಿಯನ್ನು ಮತ್ತೆ ಗಾಳಿಯಲ್ಲಿ ಬಿಟ್ಟು, ನನ್ನನ್ನು ಡ್ಯಾಶ್‌ಬೋರ್ಡ್ ಮುಂದೆ ಕೂರಿಸಿ, "ಮುಳ್ಳು ಅಲ್ಲಾಡಿದ್ರೆ ಕೂಗಿ" ಅಂದರು. ಹುಡುಗನೊಬ್ಬನ ಕೈಗೆ ಮರದ ತುಂಡು ಕೊಟ್ಟು ಎಂಜಿನ್ನನ್ನು ಒಂದು ಪಕ್ಕಕ್ಕೆ ಒತ್ತಿಸಿದರು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಸ್ವಲ್ಪ ವಾಲಿತು. ಮುಳ್ಳು ಎದ್ದಿತು. ಕೂಗಿದೆ. ಬಿಟ್ಟರು, ಇಳಿಯಿತು. ಮತ್ತೆ ಒತ್ತಿದರು, ಎದ್ದಿತು.

ಮ್ಯಾನಿಫೋಲ್ಡಿನ ಹಿಂದೆ, ಕ್ಯಾಬಿನ್ನಿನ ಗೋಡೆ ಹತ್ತಿರ ವೈರನ್ನು ಹಿಡಿದಿದ್ದ ಒಂದು ಕಬ್ಬಿಣದ ಕ್ಲಿಪ್. ಅದರ ಕೆಳಗೆ ವೈರಿನ ಪ್ಲಾಸ್ಟಿಕ್ ಸವೆದು ಬೆರಳುಗುರಿನಷ್ಟು ಉದ್ದ ತಾಮ್ರ ಕಾಣುತ್ತಿತ್ತು. ಹಸಿರು ಕಿಲುಬು ಬೇರೆ. ಘಾಟಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ವಾಲುತ್ತದೆ, ತಾಮ್ರ ಕ್ಲಿಪ್ಪಿಗೆ ತಗುಲುತ್ತದೆ, ಮುಳ್ಳು ಎಚ್. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ನೆಟ್ಟಗಾಗುತ್ತದೆ, ಮುಳ್ಳು ಕೆಳಗೆ. ನಿಜವಾಗಿ ಬಿಸಿಯಾಗುವ ಗಾಡಿಯೂ ಏರಿನಲ್ಲೇ ಬಿಸಿಯಾಗುತ್ತದಲ್ಲ, ನಿಂತಾಗ ತಣ್ಣಗಾಗುತ್ತದಲ್ಲ? ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ನನಗೂ ಬರಲಿಲ್ಲ.

ಸವೆದ ತುಂಡು ಕತ್ತರಿಸಿ, ಹೊಸ ವೈರು ಬೆಸುಗೆ ಹಾಕಿ, ಮೇಲೆ ಸ್ಲೀವ್ ಹಾಕಿದರು. ಕ್ಲಿಪ್ಪಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರು. ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟರು. ಮುಳ್ಳು ನಡುಮಧ್ಯಕ್ಕೆ ಬಂದು ಕೂತಿತು. ನಾನು ಪರ್ಸ್ ತೆಗೆದೆ.

ಭಾಯ್ ಮಾತ್ರ ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಹಿಡಿದುಕೊಂಡು ನಿಂತಿದ್ದರು. "ಇದು ಸರಿ ಇಲ್ಲ" ಅಂದರು.

ಮುಳ್ಳು ನಡುವಿನಲ್ಲಿದೆಯಲ್ಲ ಭಾಯ್, ಇನ್ನೇನು ಬೇಕು ಅಂದೆ. ಅವರು ಹೇಳಿದ್ದು ಹೀಗೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆದಾಗ ಮೇಲಿನ ಪೈಪ್ ತುಂಬ ಹೊತ್ತು ತಣ್ಣಗೇ ಇರಬೇಕು. ತರ್ಮೋಸ್ಟಾಟ್ ಅನ್ನುವ ವಾಲ್ವ್ ಮುಚ್ಚಿಕೊಂಡಿರುತ್ತದೆ. ಎಂಜಿನ್ನಿನ ನೀರು ಬಿಸಿಯಾದ ಮೇಲೆ ಅದು ತೆರೆದು, ಆಗ ಪೈಪ್ ಒಮ್ಮೆಲೇ ಬಿಸಿಯಾಗಬೇಕು. ನನ್ನ ಗಾಡಿಯಲ್ಲಿ ಒಂದೇ ನಿಮಿಷಕ್ಕೆ ಪೈಪ್ ಬೆಚ್ಚಗಾಗಲು ಶುರುವಾಗಿತ್ತಂತೆ. ಆಮೇಲೆ ಬಂದೂಕಿನ ಥರದ ಇನ್ಫ್ರಾರೆಡ್ ತರ್ಮಾಮೀಟರ್ ತಂದರು. ತರ್ಮೋಸ್ಟಾಟ್ ಇರುವ ಅಲ್ಯೂಮಿನಿಯಂ ಗೂಡಿನ ಮೇಲೆ ಕಪ್ಪು ಟೇಪ್ ಅಂಟಿಸಿ ಅದಕ್ಕೆ ಗುರಿ ಇಟ್ಟರು. ಹೊಳೆಯುವ ಲೋಹಕ್ಕೆ ನೇರವಾಗಿ ಹಿಡಿದರೆ ತುಂಬ ಕಡಿಮೆ ತೋರಿಸುತ್ತದೆ, ನಂಬಬೇಡಿ. ನಾನೇ ನೋಡಿದೆ, ಟೇಪ್ ಇಲ್ಲದೆ 41, ಟೇಪ್ ಮೇಲೆ 64.

64 ಡಿಗ್ರಿಗೆ ಮುಳ್ಳು ಮಧ್ಯಕ್ಕೆ ಬರಬಾರದು. ಎಂಜಿನ್ 80ರ ಮೇಲೆ ಇರಬೇಕು. ಅಂದರೆ ಎಂಜಿನ್ ಇರಬೇಕಾದ್ದಕ್ಕಿಂತ ತಣ್ಣಗಿದೆ, ಮೀಟರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತಿದೆ. ಎರಡು ತಪ್ಪು ಸೇರಿ ಮುಳ್ಳು ಸರಿಯಾದ ಜಾಗದಲ್ಲಿ ನಿಂತಿದೆ. "ಹಳೇ ಸಾಮಾನು ಏನಾದ್ರೂ ಇದೆಯಾ ಅಕ್ಕ?" ಅಂತ ಕೇಳಿದರು. ಆಗ ನೆನಪಾಯಿತು ಸೀಟಿನ ಕೆಳಗಿನ ಕವರ್.

ಕವರಿನಲ್ಲಿ ಹಳೇ ಸೆನ್ಸರ್ ಇತ್ತು. ಹಳೇ ತರ್ಮೋಸ್ಟಾಟೂ ಇತ್ತು. ಗಾಡಿಯಲ್ಲಿ ಹೊಸ ತರ್ಮೋಸ್ಟಾಟ್ ಇರಬೇಕಲ್ಲ? ಬಿಚ್ಚಿದರೆ ಗೂಡು ಖಾಲಿ! 900 ರೂಪಾಯಿಯ "ತರ್ಮೋಸ್ಟಾಟ್ ಕೆಲಸ" ಅಂದರೆ ತೆಗೆದು ಹಾಕಿದ್ದು. ನಮ್ಮ ಕಡೆ ಎಷ್ಟೋ ಮೆಕ್ಯಾನಿಕ್‌ಗಳು ಹೀಗೇ ಮಾಡುತ್ತಾರಂತೆ, ಬಿಸಿಲಿನ ದೇಶಕ್ಕೆ ಇದು ಬೇಡ ಅಂತ. ಎಂಜಿನ್ ಬಿಸಿಯಾಗುವುದು ನಿಧಾನವಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಡಿಸೆಂಬರಿನಿಂದ ನನ್ನ ಪೆಟ್ರೋಲ್ ಖರ್ಚು ಏರಿದ್ದಕ್ಕೆ ಆಳುಗಳ ಓಡಾಟ ಕಾರಣ ಅಂದುಕೊಂಡಿದ್ದೆ. ಆಲ್ದೂರಿನ ಚಳಿಗೆ ಚೋಕ್ ಎಳೆದುಕೊಂಡೇ ಅರ್ಧ ದಾರಿ ಹೋಗುತ್ತಿದ್ದೆ.

ಆಮೇಲೆ ನಡೆದದ್ದು ಅಡುಗೆ. ಭಾಯ್ ಟೀ ಅಂಗಡಿಯಿಂದ ಒಂದು ಅಲ್ಯೂಮಿನಿಯಂ ಪಾತ್ರೆ ಎತ್ತಿಕೊಂಡು ಬಂದರು. ಹಿಂದೆಯೇ ಟೀ ಅಂಗಡಿಯ ಅಣ್ಣ ಬೈಯುತ್ತಾ ಬಂದ. ಪಾತ್ರೆಗೆ ನೀರು ಹಾಕಿ, ಹಳೇ ಸೆನ್ಸರ್, ಈಗ ಗಾಡಿಯಿಂದ ಬಿಚ್ಚಿದ ಹೊಸ ಸೆನ್ಸರ್, ಹಳೇ ತರ್ಮೋಸ್ಟಾಟ್ ಮೂರನ್ನೂ ತಂತಿಯಲ್ಲಿ ಕಟ್ಟಿ ಇಳಿಬಿಟ್ಟು ಒಲೆ ಮೇಲೆ ಇಟ್ಟರು. ತಳಕ್ಕೆ ತಾಗಬಾರದು, ತಾಗಿದರೆ ತಳದ ಬಿಸಿ ಹಿಡಿಯುತ್ತದೆ. ಪಕ್ಕದಲ್ಲಿ ಗಾಜಿನ ತರ್ಮಾಮೀಟರ್, ಕೈಯಲ್ಲಿ ತಡೆ ಅಳೆಯುವ ಮಲ್ಟಿಮೀಟರ್. ಅಷ್ಟೊತ್ತಿಗೆ ಟೀ ಕುಡಿಯಲು ಬಂದಿದ್ದ ಆಟೋದವರೆಲ್ಲ ಸುತ್ತ ನಿಂತಿದ್ದರು.

ತರ್ಮೋಸ್ಟಾಟ್ ಮೇಲೆ 82 ಅಂತ ಕೊರೆದಿತ್ತು. ತರ್ಮಾಮೀಟರ್ 82, 83 ತೋರಿಸುವಾಗ ಅದು ಮೆಲ್ಲಗೆ ಬಾಯಿ ಬಿಟ್ಟಿತು. ಒಳಗಿನ ಮೇಣ ಕರಗಿ ಹಿಗ್ಗಿ ವಾಲ್ವನ್ನು ತಳ್ಳುತ್ತದಂತೆ. ಇಪ್ಪತ್ತೈದು ವರ್ಷ ದಾಟಿದ ಸಾಮಾನು, ಏನೂ ಆಗಿರಲಿಲ್ಲ. ಒಬ್ಬ ಆಟೋದವ "ಮೀನಿನ ಬಾಯಿ ಥರ ಇದೆ" ಅಂದ. ನಿಜ, ಹಾಗೇ ಇತ್ತು.

ನೀರು ಕುದಿಯಿತು. ತರ್ಮಾಮೀಟರ್ 96ರ ಮೇಲೆ ಹೋಗಲಿಲ್ಲ. ತರ್ಮಾಮೀಟರೂ ಕೆಟ್ಟಿದೆ ಅಂದುಕೊಂಡೆ. ಇಲ್ಲ, ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ, ಇಲ್ಲಿ ನೀರು 96, 97ಕ್ಕೇ ಕುದಿಯುತ್ತದೆ. ಸ್ಕೂಲಿನಲ್ಲಿ ಓದಿದ್ದು ಟೀ ಪಾತ್ರೆಯಲ್ಲಿ ಕಣ್ಣಿಗೆ ಬಿತ್ತು. (ಗಾಡಿಯೊಳಗೆ ಹಾಗಲ್ಲ. ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಂತ ಇರುತ್ತದೆ ನೋಡಿ, ಅದು ಒತ್ತಡದ ಲೆಕ್ಕ. ಆ ಒತ್ತಡದಲ್ಲಿ ನೀರು ನೂರು ದಾಟಿದರೂ ಕುದಿಯುವುದಿಲ್ಲ. ಅದಕ್ಕೇ ಬಿಸಿ ಎಂಜಿನ್ನಿನ ಮುಚ್ಚಳ ತೆಗೆದರೆ ಮುಖಕ್ಕೆ ಚಿಮ್ಮುವುದು.)

ಕುದಿಯುವ ನೀರಿನಲ್ಲಿ ಹಳೇ ಸೆನ್ಸರ್ 31 ಓಮ್ ತಡೆ ತೋರಿಸಿತು. ಹೊಸದು 18. ತಣ್ಣೀರಿನಲ್ಲೂ ಎರಡಕ್ಕೂ ಅಜಗಜಾಂತರ. ಹೊಸದು ಕೆಟ್ಟಿದ್ದಲ್ಲ, ಬೇರೆ ಯಾವುದೋ ಗಾಡಿಯದು. ತಿರುಪು ಒಂದೇ, ಹಾಗಾಗಿ ಕೂತಿದೆ. ನನ್ನ ಜಿಪ್ಸಿಯ ಮೀಟರಿಗೆ ಅದರ ಭಾಷೆ ಗೊತ್ತಿಲ್ಲ. ಎಂಜಿನ್ 85ರಲ್ಲಿದ್ದರೆ ಮೀಟರ್ ಅದನ್ನು 100 ಅಂತ ಓದಿಕೊಳ್ಳುತ್ತಿತ್ತು. ಸಮತಟ್ಟಿನಲ್ಲಿ ತರ್ಮೋಸ್ಟಾಟ್ ಇಲ್ಲದ ಎಂಜಿನ್ ತಣ್ಣಗಿದ್ದು ಮುಳ್ಳು ಮಧ್ಯದಲ್ಲಿ ನಿಲ್ಲುತ್ತಿತ್ತು. ಏರಿನಲ್ಲಿ ಎಂಜಿನ್ ಸರಿಯಾದ ಬಿಸಿಗೆ ಬಂದ ಕೂಡಲೇ ಮುಳ್ಳು ಎಚ್ ಹತ್ತಿರ. ರಿಪೇರಿ ಆದ ಮೇಲೆ ಜಾಸ್ತಿಯಾದದ್ದು ಇದಕ್ಕೇ.

ಹಳೇ ಸೆನ್ಸರನ್ನೇ ವಾಪಸ್ ಹಾಕಿದರು. ತಿರುಪಿಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಬಾರದಂತೆ, ಮೈಗೆ ಅರ್ತ್ ಸಿಗುವುದು ಆ ತಿರುಪಿನಿಂದಲೇ. ತರ್ಮೋಸ್ಟಾಟ್ ಕೂರಿಸಲು ಹಿಂದಿನ ಶೆಡ್ಡಿನ ಮೆಕ್ಯಾನಿಕ್ಕನ್ನು ಕರೆದರು, ಅವನಿಗೆ ಪ್ಯಾಕಿಂಗ್ ಸೇರಿ 300. ಕೂಲೆಂಟ್ ತುಂಬಿ, ಗಾಳಿ ಹೋಗುವ ತನಕ ಓಡಿಸಿ, ಮತ್ತೆ ತುಂಬಿದರು. ಈ ಸಲ ಮೇಲಿನ ಪೈಪ್ ಏಳೆಂಟು ನಿಮಿಷ ತಣ್ಣಗಿತ್ತು. ಆಮೇಲೆ ಕೈ ಇಡಲಾಗದಷ್ಟು ಬಿಸಿ. ಟೇಪ್ ಮೇಲೆ 84. ಮುಳ್ಳು ನಡುವಿಗಿಂತ ಕೂದಲೆಳೆಯಷ್ಟು ಕೆಳಗೆ.

ಭಾಯ್ ತಗೊಂಡದ್ದು 400. ನಾನು ಸಾವಿರ ಕೊಡಲು ಹೋದೆ, ಐನೂರು ಇಟ್ಟುಕೊಂಡರು. ಹೊರಡುವಾಗ ಇನ್ನೊಂದು ಮಾತು ಹೇಳಿದರು, ಅದನ್ನು ಬರೆಯಲೇಬೇಕು. ಮುಳ್ಳು ಸುಳ್ಳು ಹೇಳಿತು ಅಂತ ಮುಂದೆ ಎಚ್‌ಗೆ ಹೋದಾಗ ಓಡಿಸಬೇಡಿ, ಪ್ರತಿ ಸಲವೂ ನಿಲ್ಲಿಸಿಯೇ ನೋಡಿ. ಮತ್ತೆ, ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಖುಷಿಪಡಬೇಡಿ. ನೀರು ಸೋರಿ ಖಾಲಿಯಾದರೆ ಸೆನ್ಸರ್ ನೀರಿಲ್ಲದೆ ಒಣಗಿ ನಿಲ್ಲುತ್ತದೆ, ಆಗ ಎಂಜಿನ್ ಸುಡುತ್ತಿದ್ದರೂ ಮೀಟರ್ ತಣ್ಣಗಿದೆ ಅನ್ನಬಹುದು.

ಇನ್ನು ದೂರುಗಳು. ಒಂದು ಗಂಟೆ ಕೆಲಸ ಅಂದದ್ದು ಸಂಜೆ ಐದೂವರೆ ಆಯಿತು. ಮಧ್ಯೆ ನಾಲ್ಕು ಬೇರೆ ಗಾಡಿ ನೋಡಿದರು. ಬಿಲ್ ಕೊಡುವುದಿಲ್ಲ, ಕೇಳಿದರೆ ಬೀಡಿ ಪ್ಯಾಕೆಟ್ಟಿನ ಹಿಂದೆ ಬರೆದುಕೊಡುತ್ತಾರೆ. ಫೋನ್ ಎತ್ತುವುದಿಲ್ಲ. ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ. ಹೆಂಗಸರಿಗೆ ಇಡೀ ದಿನ ಕಾಯಲು ಅಲ್ಲಿ ಯಾವ ಅನುಕೂಲವೂ ಇಲ್ಲ, ನಾನು ಬಸ್ ಸ್ಟ್ಯಾಂಡ್ ತನಕ ಹೋಗಿಬಂದೆ. ಮೊದಲ ಹಂತದಲ್ಲಿ ಮೀಟರಿನ ಹಿಂದಿನ ಅರ್ತ್ ನೋಡಲು ಅಂತ ಮೀಟರ್ ಎಳೆದಿದ್ದರು. ಅಲ್ಲಿ ಏನೂ ಸಿಗಲಿಲ್ಲ, ಆದರೆ ವಾಪಸ್ ಹಾಕುವಾಗ ಸ್ಪೀಡೋಮೀಟರ್ ಕೇಬಲ್ ಸರಿಯಾಗಿ ಕೂರಿಸಿರಲಿಲ್ಲ. ಮನೆಗೆ ಹೋಗುವ ದಾರಿಯಿಡೀ ಸ್ಪೀಡು ಸೊನ್ನೆ. ಮರುವಾರ ಹೋದಾಗ ಎರಡು ನಿಮಿಷದಲ್ಲಿ ಸರಿ ಮಾಡಿದರು, ಮುಖ ಸಣ್ಣದು ಮಾಡಿಕೊಂಡು. ಡ್ಯಾಶ್‌ಬೋರ್ಡಿನ ಒಂದು ಸ್ಕ್ರೂ ಮಾತ್ರ ಇನ್ನೂ ಸಿಕ್ಕಿಲ್ಲ.

ಇಷ್ಟಾದರೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಸ್ಕ್ರೂಗೆ. ಏನನ್ನೂ ಬದಲಿಸುವ ಮೊದಲು ಕೇಳಿದರು, ಮುಟ್ಟಿ ನೋಡಿದರು, ಅಳೆದರು. ನಾನು ದುಡ್ಡು ಕೊಡಲು ತಯಾರಾಗಿ ನಿಂತಿದ್ದೆ, ಮುಳ್ಳೂ ಸರಿಯಾದ ಜಾಗದಲ್ಲಿತ್ತು, ಆದರೂ ಬಿಡಲಿಲ್ಲ. ಮನೆಯಲ್ಲಿ ಗಂಡಸರು ಯಾರಿದ್ದಾರೆ ಅಂತಲೂ ಕೇಳಲಿಲ್ಲ.

ಕಳೆದ ತಿಂಗಳು ಅಮ್ಮನನ್ನು ಕೂರಿಸಿಕೊಂಡು ಮತ್ತೆ ಚಾರ್ಮಾಡಿ ಹತ್ತಿದೆ. ಒಮ್ಮೆಯೂ ನಿಲ್ಲಿಸಲಿಲ್ಲ. ಅಮ್ಮ ದಾರಿಯುದ್ದಕ್ಕೂ ಮುಳ್ಳನ್ನೇ ನೋಡುತ್ತಿದ್ದಳು, ಕಾಡು ನೋಡಲೇ ಇಲ್ಲ.

ಹೋಗುವುದಾದರೆ ಬೆಳಿಗ್ಗೆ ಒಂಬತ್ತರೊಳಗೆ ಹೋಗಿ. ಬಿಚ್ಚಿದ ಹಳೇ ಸಾಮಾನು ಇದ್ದರೆ ತೆಗೆದುಕೊಂಡು ಹೋಗಿ. ಸೆನ್ಸರ್ ಬೇಯಿಸಿದ ಪಾತ್ರೆಯಲ್ಲಿ ಟೀ ಮಾಡಲ್ಲ ಅಂತ ಟೀ ಅಂಗಡಿಯ ಅಣ್ಣ ಹಠ ಹಿಡಿದ, ಹಾಗಾಗಿ ಅವನಿಗೆ ಹೊಸ ಪಾತ್ರೆಗೆ 260 ಕೊಟ್ಟವಳು ನಾನು. ಹಳೇದು ಈಗ ಭಾಯ್ ಅಂಗಡಿಯ ಬಾಗಿಲಲ್ಲಿ ಮೊಳೆಗೆ ನೇತಾಡುತ್ತಿದೆ. ಬೋರ್ಡ್ ಹುಡುಕಬೇಡಿ, ತಳ ಕಪ್ಪಾದ ಆ ಪಾತ್ರೆ ನೋಡಿ.